ಮೈಲುತುತ್ತಕ್ಕೆ ಕೊಳೆರೋಗ ಇವತ್ತಿಗೂ ಬಗ್ಗುತ್ತೆ, ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಗೂ ಲೋಹದ ಔಷಧಿ ಯಾಕಾಗಲ್ಲ?

ಸಕಲೇಶಪುರ_ತೋಟ

ಎಲ್ರಿಗೂ ನಮಸ್ಕಾರ. ಒಂದು ಪ್ರಶ್ನೆ ತಲೇಲಿ ಕೊರೀತಾ ಇದೆ, ಕೆಮಿಸ್ಟ್ರಿ, ಮೈಕ್ರೋಬಯಾಲಜಿ ಗೊತ್ತಿರೋರು ಯಾರಾದ್ರೂ ಬಿಡಿಸಿ ಹೇಳಿ.

ನಮ್ದು ಕಾಫಿ ತೋಟ, ನಡುವೆ ಸ್ವಲ್ಪ ಅಡಿಕೆ, ಮೆಣಸು. ಮಳೆ ಹಿಡಿಯೋಕೆ ಮುಂಚೆ ಬೋರ್ಡೋ ಹೊಡೆಯೋದು ಅಜ್ಜನ ಕಾಲದಿಂದ ನಡ್ಕೊಂಡು ಬಂದಿದೆ, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಪಾಕ ಸರಿಯಾಗಿದ್ಯಾ ಅಂತ ಕತ್ತಿ ಅದ್ದಿ ನೋಡೋದು, ಕತ್ತಿ ಮೇಲೆ ತಾಮ್ರದ ಕೆಂಪು ಕೂತ್ರೆ ಇನ್ನಷ್ಟು ಸುಣ್ಣ ಹಾಕೋದು. ಇಷ್ಟು ತಲೆಮಾರು ಹೊಡೆದ್ರೂ ಕೊಳೆರೋಗ ಅದಕ್ಕೆ ಇನ್ನೂ ಬಗ್ಗುತ್ತೆ. ಮಧ್ಯೆ ಅಂಗಡಿಯವ್ರು ಕೊಟ್ಟ ಹೊಸ ಔಷಧಿಗಳು ಮೊದ್ಲು ಜೋರಾಗಿ ಕೆಲ್ಸ ಮಾಡಿ ಆಮೇಲೆ ಅಷ್ಟಕ್ಕಷ್ಟೇ ಆಗಿದ್ದೂ ಇದೆ.

ಈ ಸಲ ಅಮ್ಮಂಗೆ ಮೂತ್ರದ ಸೋಂಕಾಗಿ ಹಾಸನದಲ್ಲಿ ಅಡ್ಮಿಟ್ ಮಾಡಿದ್ವಿ. ಕಲ್ಚರ್ ರಿಪೋರ್ಟಲ್ಲಿ ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಅಂತ ಬಂತು, ಕೆಳಗೆ ಆಂಟಿಬಯಾಟಿಕ್‌ಗಳ ಉದ್ದ ಪಟ್ಟಿ, ಮುಕ್ಕಾಲು ಪಾಲಿನ ಮುಂದೆ ರೆಸಿಸ್ಟೆಂಟ್ ಅಂತಾನೇ ಇತ್ತು. ಮೆರೋಪೆನಮ್ ಇಂಜೆಕ್ಷನ್ ಕೊಟ್ಟು ವಾಸಿ ಮಾಡಿದ್ರು, ಈಗ ಆರಾಮಾಗಿದ್ದಾರೆ. ಆದ್ರೆ ಈ ಇಂಜೆಕ್ಷನ್ನೂ ನಾಟದ ಕೇಸ್‌ಗಳು ಬರ್ತಾ ಇವೆ ಅಂತ ಡಾಕ್ಟ್ರು ಅಂದಿದ್ದು ಮನಸ್ಸಲ್ಲೇ ಉಳಿದುಬಿಟ್ಟಿದೆ.

ಹಂಗಾಗಿ ಕೇಳ್ತಿದ್ದೀನಿ. ತಾಮ್ರ ಶಿಲೀಂಧ್ರನ ಇಷ್ಟು ವರ್ಷ ಹಿಡಿದಿಟ್ಟಿದೆ ಅಂದ್ಮೇಲೆ ಮನುಷ್ಯರ ಬ್ಯಾಕ್ಟೀರಿಯಾಗೂ ತಾಮ್ರ, ಬೆಳ್ಳಿ ಇಂಥದ್ರಿಂದ ಔಷಧಿ ಮಾಡೋಕೆ ಏನು ಅಡ್ಡಿ? ಯಾರಾದ್ರೂ ಮಾಡ್ತಿದ್ದಾರಾ?

ರಸಾಯನ_ಚಿಕ್ಕಮಗಳೂರು

ಸರ್, ಬಹಳ ಒಳ್ಳೆ ಪ್ರಶ್ನೆ, ನಾನು ಕೆಮಿಸ್ಟ್ರಿ ಪಾಠ ಮಾಡೋಳು, ಸ್ವಲ್ಪ ಉದ್ದ ಆಗುತ್ತೆ, ಬಿಡುವು ಮಾಡ್ಕೊಂಡು ಓದಿ.

ಮೊದ್ಲು ತಾಮ್ರ ಯಾಕೆ ಇಷ್ಟು ಕಾಲ ಬಾಳಿಕೆ ಬಂತು ಅನ್ನೋದು. ಪೆನ್ಸಿಲಿನ್ ಜಾತಿಯ ಔಷಧಿಗಳು ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟೋಕೆ ಬಳಸೋ ಒಂದು ಬಗೆಯ ಕಿಣ್ವಗಳನ್ನೇ ಹಿಡಿಯುತ್ತವೆ. ಆ ಕಿಣ್ವ ಒಂದಿಷ್ಟು ಬದಲಾದ್ರೆ, ಇಲ್ಲಾ ಔಷಧೀನೇ ಕತ್ತರಿಸೋ ಬೇರೆ ಕಿಣ್ವ ಸಿಕ್ಕಿದ್ರೆ ಬ್ಯಾಕ್ಟೀರಿಯಾ ಬಚಾವ್. ತಾಮ್ರದ ಅಯಾನು ಹಂಗಲ್ಲ, ಪೊರೆ ಹಾಳು ಮಾಡುತ್ತೆ, ಕಬ್ಬಿಣ ಗಂಧಕ ಸೇರಿರೋ ಕಿಣ್ವಗಳ ಒಳಗೆ ನುಗ್ಗಿ ಕಬ್ಬಿಣನ ಕಿತ್ತು ಹಾಕುತ್ತೆ, ಆಕ್ಸಿಜನ್ನಿನ ಅಪಾಯಕಾರಿ ರೂಪಗಳು ಹುಟ್ಟೋ ಹಂಗೆ ಮಾಡುತ್ತೆ, ಎಲ್ಲಾ ಒಟ್ಟೊಟ್ಟಿಗೆ. ಬೆಳ್ಳಿ ಪ್ರೋಟೀನುಗಳಲ್ಲಿರೋ ಗಂಧಕದ ಗುಂಪುಗಳಿಗೆ ಗಟ್ಟಿಯಾಗಿ ಅಂಟಿಕೊಂಡು ಉಸಿರಾಟದ ವ್ಯವಸ್ಥೆನೇ ನಿಲ್ಲಿಸುತ್ತೆ. ಏಕಕಾಲಕ್ಕೆ ಇಷ್ಟು ಕಡೆ ಏಟು ಬಿದ್ರೆ ಒಂದು ಮ್ಯುಟೇಶನ್‌ನಿಂದ, ಅಂದ್ರೆ ಜೀನಿನ ಒಂದು ಬದಲಾವಣೆಯಿಂದ ತಪ್ಪಿಸಿಕೊಳ್ಳೋದು ಕಷ್ಟ.

ಅಡ್ಡಿ ಇರೋದೂ ಅಲ್ಲೇ. ಆ ಗಂಧಕದ ಗುಂಪು, ಆ ಕಬ್ಬಿಣದ ಕಿಣ್ವ ನಮ್ಮ ಜೀವಕೋಶದಲ್ಲೂ ಇದೆಯಲ್ಲ. ಎಲೆ ಮೇಲೆ ಕೂತ ತಾಮ್ರ ಎಲೆಯ ಮೇಲೇ ಇರುತ್ತೆ, ಸುಣ್ಣ ಹಾಕೋದು ಅದು ನಿಧಾನಕ್ಕೆ ಬಿಡುಗಡೆ ಆಗಿ ಎಲೆ ಸುಡದೇ ಇರ್ಲಿ ಅಂತ, ನೀವು ಕತ್ತಿ ಅದ್ದಿ ನೋಡೋದು ಬಿಡಿ ತಾಮ್ರ ಹೆಚ್ಚಾಗಿದೆಯಾ ಅಂತ. ಆದ್ರೆ ಮೈಲುತುತ್ತ ಹೊಟ್ಟೆಗೆ ಹೋದ್ರೆ ಲಿವರ್, ಕಿಡ್ನಿ, ಕೆಂಪು ರಕ್ತಕಣ ಎಲ್ಲಕ್ಕೂ ಏಟು. ಹಂಗಾಗಿ ಬ್ಯಾಕ್ಟೀರಿಯಾ ಸಾಯಿಸೋ ಲೋಹ ಹುಡುಕೋದು ದೊಡ್ಡ ಕೆಲ್ಸ ಅಲ್ಲ, ಬ್ಯಾಕ್ಟೀರಿಯಾನ ಮಾತ್ರ ಸಾಯಿಸೋ ಹಂಗೆ ಲೋಹನ ಕಟ್ಟಿ ಕಳಿಸೋದೇ ಇಡೀ ಸಂಶೋಧನೆ.

ಮಾಡ್ತಿದ್ದಾರಾ ಅಂದ್ರಿ. ಪಾಲ್ ಎರ್ಲಿಖ್ 1910ರಲ್ಲಿ ಸಿಫಿಲಿಸ್‌ಗೆ ತಂದ ಸಾಲ್ವರ್ಸಾನ್ ಆರ್ಸೆನಿಕ್‌ನ ಸಂಯುಕ್ತ, ಪೆನ್ಸಿಲಿನ್ ಬರೋಕೆ ಎಷ್ಟೋ ಮುಂಚೆ. ಸುಟ್ಟ ಗಾಯಕ್ಕೆ ಹಚ್ಚೋ ಬೆಳ್ಳಿಯ ಸಲ್ಫಾಡಯಜೀನ್ ಕ್ರೀಮ್ 1968ರಿಂದ ಇದೆ. ಕ್ಯಾನ್ಸರ್‌ಗೆ ಕೊಡೋ ಸಿಸ್‌ಪ್ಲಾಟಿನ್ ಕಥೆ ನನಗೆ ತುಂಬಾ ಇಷ್ಟ: 1965ರ ಹೊತ್ತಿಗೆ ಬಾರ್ನೆಟ್ ರೋಸೆನ್‌ಬರ್ಗ್ ಈ-ಕೋಲಿ ಬ್ಯಾಕ್ಟೀರಿಯಾ ಮೇಲೆ ವಿದ್ಯುತ್ ಹಾಯಿಸಿದ್ರೆ ಏನಾಗುತ್ತೆ ಅಂತ ನೋಡ್ತಿದ್ರು, ಬ್ಯಾಕ್ಟೀರಿಯಾ ಎರಡಾಗೋದೇ ನಿಲ್ತು, ಕಾರಣ ಹುಡುಕಿದ್ರೆ ವಿದ್ಯುತ್ ಅಲ್ಲ, ಪ್ಲಾಟಿನಂ ಎಲೆಕ್ಟ್ರೋಡ್‌ನಿಂದ ಕರಗಿ ಬಂದ ಸಂಯುಕ್ತ. ಅಂದ್ರೆ ಇವತ್ತು ಲಕ್ಷಾಂತರ ಕ್ಯಾನ್ಸರ್ ರೋಗಿಗಳಿಗೆ ಕೊಡೋ ಲೋಹದ ಔಷಧಿ ಮೊದ್ಲು ಕಣ್ಣಿಗೆ ಬಿದ್ದಿದ್ದು ಬ್ಯಾಕ್ಟೀರಿಯಾದಲ್ಲೇ.

ಈಗಿನ ಕೆಲ್ಸಗಳಲ್ಲಿ ನನಗೆ ಆಸೆ ಹುಟ್ಟಿಸಿರೋದು ಎರಡು. ಒಂದು ಗ್ಯಾಲಿಯಂ ಅನ್ನೋ ಲೋಹ. ಬ್ಯಾಕ್ಟೀರಿಯಾಗೆ ಬೆಳೆಯೋಕೆ ಕಬ್ಬಿಣ ಬೇಕೇ ಬೇಕು, ನಮ್ಮ ದೇಹ ಕಬ್ಬಿಣನ ಬಚ್ಚಿಟ್ಟಿರುತ್ತೆ, ಅದಕ್ಕೇ ಅವು ಹಸಿದುಕೊಂಡು ಹುಡುಕ್ತಾ ಇರ್ತವೆ. ಗ್ಯಾಲಿಯಂ ಅಯಾನಿನ ಗಾತ್ರ, ಚಾರ್ಜು ಎರಡೂ ಕಬ್ಬಿಣದ್ದಕ್ಕೆ ಹತ್ರ, ಹಂಗಾಗಿ ಅವು ಕಬ್ಬಿಣ ಅಂದ್ಕೊಂಡು ಒಳಗೆ ಎಳ್ಕೊಳ್ತವೆ. ಆದ್ರೆ ಕಬ್ಬಿಣದ ಹಂಗೆ ಎಲೆಕ್ಟ್ರಾನ್ ತಗೊಂಡು ಬಿಟ್ಟು ಮಾಡೋಕೆ ಗ್ಯಾಲಿಯಂಗೆ ಬರಲ್ಲ, ಕಿಣ್ವ ಅಲ್ಲಿಗೇ ಕೆಡುತ್ತೆ. ಸಿಸ್ಟಿಕ್ ಫೈಬ್ರೋಸಿಸ್ ಅನ್ನೋ ಹುಟ್ಟಿನಿಂದ ಬರೋ ಕಾಯಿಲೆ ಇರೋ ರೋಗಿಗಳ ಶ್ವಾಸಕೋಶದಲ್ಲಿ ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಬೀಡುಬಿಟ್ಟಿರುತ್ತೆ, ಅವರಿಗೆ ಗ್ಯಾಲಿಯಂ ನೈಟ್ರೇಟ್ ಕೊಟ್ಟು ನೋಡಿದ ಪ್ರಾಥಮಿಕ ಪ್ರಯೋಗ 2018ರಲ್ಲಿ ಪ್ರಕಟ ಆಯ್ತು, ಉಸಿರಾಟದಲ್ಲಿ ಸುಧಾರಣೆ ಕಂಡಿತ್ತು.

ಇನ್ನೊಂದು ಬಿಸ್ಮತ್, ಇದು ನಿಮ್ಮ ಅಮ್ಮನ ವಿಷಯಕ್ಕೆ ನೇರ ಸಂಬಂಧ. ಮೆರೋಪೆನಮ್ ನಾಟದೇ ಇರೋಕೆ ಮುಖ್ಯ ಕಾರಣಗಳಲ್ಲಿ ಒಂದು ಎನ್‌ಡಿಎಂ-1 ಅನ್ನೋ ಕಿಣ್ವ, ಅದು ಔಷಧೀನ ಕತ್ತರಿಸಿ ಹಾಕುತ್ತೆ. ಆ ಕತ್ತರಿ ಕೆಲ್ಸ ಮಾಡ್ಬೇಕಾದ್ರೆ ಅದರ ನಡುವೆ ಎರಡು ಸತುವಿನ ಅಯಾನು ಕೂತಿರಲೇಬೇಕು. ಹಾಂಕಾಂಗ್ ವಿಶ್ವವಿದ್ಯಾಲಯದಲ್ಲಿ ಹೋಂಗ್‌ಜೆ ಸುನ್ ಅವರ ತಂಡ, ಹೊಟ್ಟೆ ಹುಣ್ಣಿನ ಹೆಲಿಕೋಬ್ಯಾಕ್ಟರ್‌ಗೆ ಮೊದಲಿಂದ್ಲೂ ಕೊಡ್ತಿರೋ ಬಿಸ್ಮತ್ ಸಂಯುಕ್ತ ಆ ಸತುವನ್ನ ಹೊರಗೆ ತಳ್ಳಿ ತಾನು ಕೂತ್ಕೊಳ್ಳುತ್ತೆ ಅಂತ 2018ರಲ್ಲಿ ತೋರಿಸಿದ್ರು. ಆಗ ಮೆರೋಪೆನಮ್ ಮತ್ತೆ ಕೆಲ್ಸ ಶುರು ಮಾಡುತ್ತೆ. ಸೋಂಕು ತಗುಲಿದ ಇಲಿಗಳಿಗೆ ಎರಡನ್ನೂ ಸೇರಿಸಿ ಕೊಟ್ಟಾಗ ಬರೀ ಮೆರೋಪೆನಮ್ ಕೊಟ್ಟಿದ್ದಕ್ಕಿಂತ ಹೆಚ್ಚು ಉಳಿದ್ವು. ಮನುಷ್ಯರ ಮಟ್ಟಕ್ಕೆ ಇದು ಬರೋಕೆ ಇನ್ನೂ ದೂರ ಇದೆ, ದಯವಿಟ್ಟು ಯಾರೂ ಅಂಗಡೀಲಿ ಬಿಸ್ಮತ್ ಮಾತ್ರೆ ಕೇಳೋಕೆ ಹೋಗಬೇಡಿ.

ಬೆಂಗಳೂರಲ್ಲೂ ಕೆಲ್ಸ ನಡೀತಿದೆ. ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ಐಐಎಸ್‌ಸಿಯಲ್ಲಿ ಜಿ. ಮುಗೇಶ್ ಅವರ ತಂಡ ಸೀರಿಯಂ ಆಕ್ಸೈಡ್‌ನ ನ್ಯಾನೋ ಕಣಗಳು ಕಿಣ್ವದ ಹಂಗೆ ವರ್ತಿಸಿ ಬ್ಯಾಕ್ಟೀರಿಯಾ ಪೊರೆಯ ಕೊಬ್ಬಿನ ಅಣುಗಳನ್ನ ಒಡೆಯೋ ಹಂಗೆ ಮಾಡಿದ್ದಾರೆ. ಪೊರೆಯ ಆ ರಚನೆ ಬದಲಾಯಿಸಿಕೊಳ್ಳೋದು ಬ್ಯಾಕ್ಟೀರಿಯಾಗೆ ಸುಲಭ ಅಲ್ಲ. ಮೂತ್ರ ಹೋಗೋಕೆ ಹಾಕೋ ಕ್ಯಾತಿಟರ್ ಕೊಳವೆ ಮೇಲೂ ಪ್ರಯತ್ನ ಮಾಡಿದ್ದಾರೆ, ಆಸ್ಪತ್ರೇಲಿ ಮೂತ್ರದ ಸೋಂಕು ಬರೋದು ಎಷ್ಟೋ ಸಲ ಅಲ್ಲಿಂದ್ಲೇ.

ಪಶುವೈದ್ಯ_ಚನ್ನರಾಯಪಟ್ಟಣ

ಮೇಡಂ ಚೆನ್ನಾಗಿ ಹೇಳಿದ್ದಾರೆ, ಆದ್ರೆ ಲೋಹಕ್ಕೆ ಬ್ಯಾಕ್ಟೀರಿಯಾ ಒಗ್ಗೋದೇ ಇಲ್ಲ ಅನ್ನೋ ಭಾವನೆ ಇಲ್ಲಿ ಓದಿದವ್ರಿಗೆ ಬರಬಾರದು ಅಂತ ಇದನ್ನ ಬರೀತಿದ್ದೀನಿ.

ಸಕಲೇಶಪುರದವ್ರೇ, ನೀವು ಹೇಳಿದ್ದು ಶಿಲೀಂಧ್ರದ ಮಾತು. ಬ್ಯಾಕ್ಟೀರಿಯಾ ವಿಷಯಕ್ಕೆ ಬಂದ್ರೆ ಟೊಮ್ಯಾಟೊ, ದಪ್ಪ ಮೆಣಸಿನಕಾಯಿಗೆ ಎಲೆಚುಕ್ಕೆ ತರೋ ಜಾಂತೊಮೊನಾಸ್ ತಾಮ್ರಕ್ಕೆ ಬಗ್ಗದ ಹಂಗೆ ಆಗಿ ದಶಕಗಳೇ ಆದ್ವು. ಬೆಳ್ಳಿಗೂ ಅಷ್ಟೇ. ಬಾಸ್ಟನ್‌ನ ಒಂದು ಸುಟ್ಟಗಾಯದ ವಾರ್ಡಲ್ಲಿ ಸಿಕ್ಕ ಸಾಲ್ಮೊನೆಲ್ಲಾ ಬಗ್ಗೆ 1975ರಲ್ಲೇ ವರದಿ ಆಗಿದೆ, ಅದು ಸಿಲ್ವರ್ ನೈಟ್ರೇಟ್‌ಗೂ ಬಗ್ತಿರಲಿಲ್ಲ, ಕ್ಲೋರಾಂಫೆನಿಕಾಲ್, ಆಂಪಿಸಿಲಿನ್‌ಗೂ ಬಗ್ತಿರಲಿಲ್ಲ. ಬೆಳ್ಳಿನ ಹೊರಗೆ ಪಂಪ್ ಮಾಡೋ ಜೀನು ಒಂದು ಪ್ಲಾಸ್ಮಿಡ್ ಮೇಲಿತ್ತು, ಪ್ಲಾಸ್ಮಿಡ್ ಅಂದ್ರೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಡಿಎನ್‌ಎ ಉಂಗುರ. ಆಂಟಿಬಯಾಟಿಕ್ ತಡೆಯೋ ಜೀನು, ಲೋಹ ತಡೆಯೋ ಜೀನು ಎರಡೂ ಹಿಂಗೆ ಒಂದೇ ಕಡೆ ಕೂತಿದ್ರೆ ನೀವು ಬರೀ ಲೋಹ ಹಾಕ್ತಾ ಹೋದ್ರೂ ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾನೇ ಆಯ್ಕೆ ಮಾಡಿ ಸಾಕಿದಂಗೆ ಆಗುತ್ತೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಭಯ ಆಗೋದು ಇದೇ.

ಯುರೋಪಲ್ಲಿ ಹಂದಿಮರಿಗಳ ಭೇದಿ ನಿಲ್ಲಿಸೋಕೆ ಆಹಾರದಲ್ಲಿ ಸತುವಿನ ಆಕ್ಸೈಡ್ ತುಂಬಾ ಜಾಸ್ತಿ ಹಾಕ್ತಿದ್ರು. ಮಣ್ಣಲ್ಲಿ ಸತು ಸೇರ್ಕೊಳ್ತಾ ಹೋಯ್ತು, ಜೊತೆಗೆ ಹಂದಿಗಳಲ್ಲಿ ಕಾಣೋ ಎಂಆರ್‌ಎಸ್‌ಎ, ಅಂದ್ರೆ ಮೆಥಿಸಿಲಿನ್ ಆಂಟಿಬಯಾಟಿಕ್‌ಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದಲ್ಲಿ ಸತು ತಡೆಯೋ ಜೀನೂ ಮೆಥಿಸಿಲಿನ್ ತಡೆಯೋ ಜೀನೂ ಅಕ್ಕಪಕ್ಕದಲ್ಲೇ ಸಿಕ್ತು. 2022ರ ಜೂನ್‌ನಿಂದ ಆ ಔಷಧೀಯ ಪ್ರಮಾಣದ ಸತು ಅಲ್ಲಿ ನಿಷೇಧ. ತಾಮ್ರಕ್ಕೂ ಅಲ್ಲಿ ಮಿತಿ ಇದೆ, ಏಳು ವರ್ಷಕ್ಕೆ ಹೆಕ್ಟೇರಿಗೆ ಒಟ್ಟು 28 ಕೆಜಿ ದಾಟೋ ಹಂಗಿಲ್ಲ. ಲೋಹ ಕೊಳೆಯಲ್ಲ, ಆವಿಯಾಗಲ್ಲ, ಹಾಕಿದ್ದು ಮಣ್ಣಲ್ಲೇ ಇರುತ್ತೆ.

ನಮ್ಮ ಹಾಸನ ಜಿಲ್ಲೇಲಿ ಮನೆಮನೆಗೂ ಹಸು. ಕೆಚ್ಚಲು ಬಾವು ಬಂದ ತಕ್ಷಣ ಯಾರೋ ಹೇಳಿದ ಟ್ಯೂಬ್ ತಂದು ಹಾಕೋದು, ಎರಡು ದಿನಕ್ಕೆ ಗಂಟು ಇಳಿದಂಗೆ ಕಂಡ್ರೆ ನಿಲ್ಲಿಸೋದು, ಆ ಹಾಲನ್ನೇ ಕರುವಿಗೆ ಕುಡಿಸೋದು, ಇದು ದಿನಾ ನೋಡ್ತೀನಿ, ನೋಡಿದಾಗೆಲ್ಲಾ ಸಂಕಟ ಆಗುತ್ತೆ. ಮೊದ್ಲು ಹಾಲು ಪರೀಕ್ಷೆ ಮಾಡ್ಸಿ ಅಂತ ಕೈ ಮುಗಿದು ಕೇಳ್ಕೊಳ್ತೀನಿ. ಇಲ್ಲಿ ಲೋಹದ ಒಂದು ಒಳ್ಳೆ ಉದಾಹರಣೆನೂ ಇದೆ ನೋಡಿ: ಹಸು ಬತ್ತಿಸೋ ಹೊತ್ತಲ್ಲಿ ಮೊಲೆತೊಟ್ಟಿನ ಒಳಗೆ ಹಾಕೋ ಸೀಲಂಟ್, ಅದರಲ್ಲಿರೋದು ಬಿಸ್ಮತ್ ಸಬ್‌ನೈಟ್ರೇಟ್. ಅದು ಬ್ಯಾಕ್ಟೀರಿಯಾ ಕೊಲ್ಲಬೇಕು ಅಂತ ಹಾಕೋದಲ್ಲ, ತೊಟ್ಟಿನ ದಾರಿ ಮುಚ್ಚಿ ಒಳಗೆ ಬರದಂಗೆ ತಡೆಯೋಕೆ. ಸೋಂಕಿಲ್ಲದ ಹಸುಗೆ ಆಂಟಿಬಯಾಟಿಕ್ ಇಲ್ಲದೆ ಬರೀ ಅದನ್ನೇ ಹಾಕಿ ಬತ್ತಿಸೋ ಪದ್ಧತಿ ಹೊರದೇಶಗಳಲ್ಲಿ ಚೆನ್ನಾಗಿ ನಡೀತಿದೆ.

ಕೊಲಿಸ್ಟಿನ್ ಅನ್ನೋ ಆಂಟಿಬಯಾಟಿಕ್‌ನ ಕೋಳಿ, ಹಸುಗಳಿಗೆ ಕೊಡೋದನ್ನ ನಮ್ಮ ಸರ್ಕಾರ 2019ರಲ್ಲಿ ನಿಷೇಧ ಮಾಡ್ತು, ಯಾಕಂದ್ರೆ ಮೆರೋಪೆನಮ್ ಸೋತಾಗ ಮನುಷ್ಯರಿಗೆ ಕೊಡೋಕೆ ಉಳಿದಿರೋ ಕೆಲವೇ ಔಷಧಿಗಳಲ್ಲಿ ಅದೂ ಒಂದು. ನಾಳೆ ಲೋಹದ ಔಷಧಿ ಬಂದ್ರೂ ಅದನ್ನ ಮೊದಲ ದಿನದಿಂದ್ಲೇ ಹಿಂಗೇ ಕಾಪಾಡಬೇಕು.

ಬೇಲೂರಿನವಳು

ಮಧ್ಯೆ ಬಾಯಿ ಹಾಕ್ತಿದ್ದೀನಿ. ತಾಮ್ರದ ಬಿಂದಿಗೇಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯೋದು ನಮ್ಮನೇಲಿ ಇದೆ, ಅದರಲ್ಲಿ ನಿಜಕ್ಕೂ ಬ್ಯಾಕ್ಟೀರಿಯಾ ಸಾಯುತ್ತಾ? ಮತ್ತೆ ವಾಟ್ಸಾಪಲ್ಲಿ ಬೆಳ್ಳಿ ನೀರು ಕುಡೀರಿ, ಆಂಟಿಬಯಾಟಿಕ್ಕೇ ಬೇಡ ಅಂತ ವಿಡಿಯೋ ಓಡಾಡ್ತಿದೆ, ನಮ್ಮತ್ತೆ ತರಿಸೋಕೆ ಹೊರಟಿದ್ದಾರೆ.

ಲ್ಯಾಬ್_ಅರಸೀಕೆರೆ

ಅತ್ತೇನ ದಯವಿಟ್ಟು ತಡೀರಿ. ಬೆಳ್ಳಿ ನೀರು ದಿನಾ ಕುಡಿದ್ರೆ ಬೆಳ್ಳಿ ಚರ್ಮದಲ್ಲಿ ಕೂತು ಮೈ ಬೂದು ನೀಲಿ ಬಣ್ಣಕ್ಕೆ ತಿರುಗುತ್ತೆ, ಆರ್ಜೀರಿಯಾ ಅಂತಾರೆ, ಆ ಬಣ್ಣ ಮತ್ತೆ ಹೋಗೋದು ಬಹಳ ಕಷ್ಟ. ಒಳಗಿನ ಸೋಂಕು ಅದರಿಂದ ವಾಸಿ ಆಗಲ್ಲ, ಯಾಕಂದ್ರೆ ರಕ್ತಕ್ಕೆ ಸೇರಿದ ಬೆಳ್ಳಿ ಅಯಾನು ಅಲ್ಲಿರೋ ಕ್ಲೋರೈಡ್, ಪ್ರೋಟೀನುಗಳಿಗೆ ಅಂಟ್ಕೊಂಡು ಬಿಡುತ್ತೆ, ಬ್ಯಾಕ್ಟೀರಿಯಾವರೆಗೂ ತಲುಪೋದೇ ಇಲ್ಲ. ಬೆಳ್ಳಿಯ ಜಾಗ ಗಾಯದ ಮೇಲೆ, ಶುಗರ್ ಇರೋರ ಕಾಲಿನ ಹುಣ್ಣಿಗೆ, ಸುಟ್ಟ ಗಾಯಕ್ಕೆ ಡಾಕ್ಟ್ರು ಹೇಳಿದಾಗ ಡ್ರೆಸ್ಸಿಂಗ್ ರೂಪದಲ್ಲಿ, ಅಷ್ಟೇ.

ತಾಮ್ರದ ಬಿಂದಿಗೆ ವಿಷಯ ಬೇರೆ, ಅದು ಪರೀಕ್ಷೆ ಆಗಿದೆ. ಬೆಂಗಳೂರಿನ ಸಂಶೋಧಕರು ಕಾಲರಾ, ಟೈಫಾಯಿಡ್ ಜಾತಿಯ ಬ್ಯಾಕ್ಟೀರಿಯಾ, ಶಿಗೆಲ್ಲಾ, ಈ-ಕೋಲಿ ಹಾಕಿದ ನೀರನ್ನ ತಾಮ್ರದ ಪಾತ್ರೇಲಿ 16 ಗಂಟೆ ಇಟ್ಟು ನೋಡಿದ್ರು, ಆಮೇಲೆ ಕಲ್ಚರ್ ಮಾಡಿದ್ರೆ ಒಂದೂ ಬೆಳೀಲಿಲ್ಲ, 2012ರಲ್ಲಿ ಪ್ರಕಟ ಆಗಿದೆ. ನೀರಿಗೆ ಬಿಟ್ಟ ತಾಮ್ರನೂ ವಿಶ್ವ ಆರೋಗ್ಯ ಸಂಸ್ಥೆಯ ಲೀಟರಿಗೆ 2 ಮಿಲಿಗ್ರಾಂ ಮಿತಿಗಿಂತ ತುಂಬಾ ಕಡಿಮೆ ಇತ್ತು. ಹಂಗಾಗಿ ನಿಮ್ಮ ಬಿಂದಿಗೆ ಇರ್ಲಿ, ಆದ್ರೆ ಅದರಲ್ಲಿ ಮಜ್ಜಿಗೆ, ನಿಂಬೆ ಪಾನಕ ಇಡಬೇಡಿ, ಹುಳಿಗೆ ತಾಮ್ರ ಬೇಕಾದ್ದಕ್ಕಿಂತ ಜಾಸ್ತಿ ಕರಗುತ್ತೆ.

ಇದನ್ನ ಹೇಳೋಕೆ ಕಾರಣ ಏನಂದ್ರೆ ಲೋಹನ ನುಂಗದೇ ಬಳಸೋ ಜಾಗ ಬೇಕಾದಷ್ಟಿದೆ. 1983ರಲ್ಲಿ ಫಿಲಿಸ್ ಕುನ್ ಅನ್ನೋ ಅಮೆರಿಕದ ಮೈಕ್ರೋಬಯಾಲಜಿಸ್ಟ್ ಆಸ್ಪತ್ರೆ ಬಾಗಿಲಿನ ಹಿಡಿಕೆಗಳನ್ನ ಪರೀಕ್ಷೆ ಮಾಡಿ, ಹಿತ್ತಾಳೆಯದ್ರಲ್ಲಿ ಬ್ಯಾಕ್ಟೀರಿಯಾ ಬೇಗ ಸಾಯುತ್ತೆ, ಫಳಫಳ ಅನ್ನೋ ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಹಾಯಾಗಿ ಉಳಿಯುತ್ತೆ ಅಂತ ಬರೆದ್ರು. 2008ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ತಾಮ್ರದ ಮಿಶ್ರಲೋಹಗಳನ್ನ ಬ್ಯಾಕ್ಟೀರಿಯಾ ಕೊಲ್ಲೋ ವಸ್ತು ಅಂತಾನೇ ನೋಂದಾಯಿಸ್ತು, ಎರಡು ಗಂಟೇಲಿ ನೂರಕ್ಕೆ 99.9ಕ್ಕಿಂತ ಹೆಚ್ಚು ಸಾಯುತ್ತೆ ಅನ್ನೋ ಲೆಕ್ಕದ ಮೇಲೆ. ವಾರ್ಡಿನ ಮಂಚದ ಕಂಬಿ, ನಲ್ಲಿ, ಬಾಗಿಲ ಹಿಡಿಕೆ ಇಷ್ಟನ್ನಾದ್ರೂ ಹಿತ್ತಾಳೆ ಮಾಡ್ಬೋದಿತ್ತು ಅಂತ ನನಗೆ ಯಾವಾಗ್ಲೂ ಅನ್ಸುತ್ತೆ. ಕೈ ತೊಳೆಯೋದಕ್ಕೆ ಇದು ಬದಲಿ ಅಲ್ಲ, ಅದರ ಜೊತೆಗೆ.

ಸಕಲೇಶಪುರ_ತೋಟ

ಎಲ್ರಿಗೂ ಕೈ ಮುಗೀತೀನಿ, ಎಷ್ಟು ಸಮಯ ತಗೊಂಡು ಬರ್ದಿದ್ದೀರಾ. ಎರಡು ವಿಷಯ. ಪಶುವೈದ್ಯರೇ, ಹಂಗಾದ್ರೆ ನಾವು ಬೋರ್ಡೋ ನಿಲ್ಲಿಸಬೇಕಾ? ಮೇಡಂ, ಇಷ್ಟೆಲ್ಲಾ ಗೊತ್ತಿದ್ರೂ ಔಷಧಿ ಅಂಗಡಿಗೆ ಯಾಕೆ ಬರ್ತಿಲ್ಲ?

ಪಶುವೈದ್ಯ_ಚನ್ನರಾಯಪಟ್ಟಣ

ನಿಲ್ಲಿಸಿ ಅಂತ ಹೇಳ್ತಿಲ್ಲ. ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರ ಎಷ್ಟಿದೆ ನೋಡಿ ಅಂತಾನೂ ಕೇಳಿ, ನೆರಳು ಬಿಡಿಸಿ, ಚಿಗುರು ತೆಗೆದು ಗಾಳಿ ಆಡೋ ಹಂಗೆ ಮಾಡಿದ್ರೆ ಕೊಳೆರೋಗನೂ ಕಮ್ಮಿ, ಬೋರ್ಡೋ ಹೊಡೆಯೋದೂ ಕಮ್ಮಿ. ಬೋರ್ಡೋ ಜೊತೆಗೆ ಸ್ಟ್ರೆಪ್ಟೊಮೈಸಿನ್ ಅನ್ನೋ ಆಂಟಿಬಯಾಟಿಕ್ ಪುಡಿ ಸೇರಿಸಿ ಹೊಡೀರಿ ಅಂತ ಯಾರಾದ್ರೂ ಹೇಳಿದ್ರೆ ಖಂಡಿತ ಕೇಳಬೇಡಿ. ಅದು ಮನುಷ್ಯರ ಔಷಧಿ, ಕೊಳೆರೋಗದ ಶಿಲೀಂಧ್ರಕ್ಕೆ ಅದು ಏನೂ ಮಾಡಲ್ಲ.

ರಸಾಯನ_ಚಿಕ್ಕಮಗಳೂರು

ಯಾಕೆ ಬರ್ತಿಲ್ಲ ಅಂದ್ರೆ, ಹುಡುಕಿದ್ದೇ ಕಮ್ಮಿ, ದುಡ್ಡೂ ಇಲ್ಲ. ಔಷಧಿ ಕಂಪನಿಗಳು ಲೋಹ ಅಂದ ತಕ್ಷಣ ವಿಷ ಅಂತ ಪಕ್ಕಕ್ಕಿಡ್ತಿದ್ವು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ಕೋ-ಆಡ್ ಅಂತ ಶುರು ಮಾಡಿದ್ರು, ಪ್ರಪಂಚದ ಯಾವುದೇ ಕೆಮಿಸ್ಟ್ ತಾನು ಮಾಡಿದ ಸಂಯುಕ್ತ ಕಳಿಸಿದ್ರೆ ಬ್ಯಾಕ್ಟೀರಿಯಾ ಮೇಲೆ ಪುಕ್ಕಟೆ ಪರೀಕ್ಷೆ ಮಾಡಿಕೊಡೋದು. 2020ರಲ್ಲಿ ಅವರು ಲೆಕ್ಕ ತೆಗೆದು ನೋಡಿದ್ರೆ ಬಂದಿದ್ದ 906 ಲೋಹದ ಸಂಯುಕ್ತಗಳಲ್ಲಿ ನೂರಕ್ಕೆ 9.9 ಕೆಲ್ಸ ಮಾಡಿದ್ವು, ಲೋಹ ಇಲ್ಲದ ಸಾವಯವ ಸಂಯುಕ್ತಗಳಲ್ಲಿ ನೂರಕ್ಕೆ 0.87. ಇದರಲ್ಲಿ ಎಷ್ಟೋ ಸಂಯುಕ್ತ ಮನುಷ್ಯರ ಜೀವಕೋಶಕ್ಕೆ ಹಾನಿ ಮಾಡ್ಲಿಲ್ಲ ಅನ್ನೋದನ್ನ ನಾನು ಕ್ಲಾಸಲ್ಲಿ ಒತ್ತಿ ಒತ್ತಿ ಹೇಳ್ತೀನಿ.

ದುಡ್ಡಿನ ವಿಷಯ ಇನ್ನೂ ಬೇಜಾರು. ಹೊಸ ಆಂಟಿಬಯಾಟಿಕ್ ಬಂದ್ರೆ ಅದನ್ನ ಕಡೇ ಅಸ್ತ್ರ ಅಂತ ಎತ್ತಿಡಬೇಕು, ಎತ್ತಿಟ್ರೆ ಮಾರಾಟ ಇಲ್ಲ. ಅಕಾವೋಜನ್ ಅನ್ನೋ ಅಮೆರಿಕದ ಕಂಪನಿ 2018ರಲ್ಲಿ ಪ್ಲಾಜೋಮೈಸಿನ್ ಅನ್ನೋ ಹೊಸ ಆಂಟಿಬಯಾಟಿಕ್‌ಗೆ ಒಪ್ಪಿಗೆ ಪಡೆದು 2019ರಲ್ಲೇ ದಿವಾಳಿ ಆಯ್ತು. ಅದೇ 2019ರಲ್ಲಿ ಪ್ರಪಂಚದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದ ನೇರವಾಗಿ ಸತ್ತವರು ಸುಮಾರು 12.7 ಲಕ್ಷ ಅಂತ ಲ್ಯಾನ್ಸೆಟ್ ಪತ್ರಿಕೆ ಅಂದಾಜು. ಇಷ್ಟು ಜನ ಸಾಯೋ ಕಾಯಿಲೆಯ ಔಷಧಿಗೆ ಲಾಭ ಇಲ್ಲ ಅಂತ ಕೈ ಬಿಡೋ ವ್ಯವಸ್ಥೆ ನನಗೆ ಒಪ್ಪಿಗೆ ಇಲ್ಲ, ಇದಕ್ಕೆ ಸರ್ಕಾರಗಳೇ ದುಡ್ಡು ಹಾಕಬೇಕು.

ಎಂಎಸ್‌ಸಿ_ಹಾಸನ

ಮೇಡಂ, ನಾನು ಫೈನಲ್ ಇಯರ್ ಕೆಮಿಸ್ಟ್ರಿ. ಪ್ರಾಜೆಕ್ಟ್‌ಗೆ ಕಾಫಿ ಎಲೆ ರಸದಿಂದ ಬೆಳ್ಳಿ ನ್ಯಾನೋ ಕಣ ಮಾಡೋಣ ಅಂತಿದ್ದೀನಿ, ಇದರಿಂದ ಏನಾದ್ರೂ ಉಪಯೋಗ ಇದೆಯಾ?

ರಸಾಯನ_ಚಿಕ್ಕಮಗಳೂರು

ಮಾಡಿ, ಆದ್ರೆ ಯಾವುದೋ ಎಲೆ ರಸ, ಸಿಲ್ವರ್ ನೈಟ್ರೇಟ್, ಬ್ಯಾಕ್ಟೀರಿಯಾ ಬೆಳೆಸೋ ಅಗಾರ್ ಪ್ಲೇಟಲ್ಲಿ ಬ್ಯಾಕ್ಟೀರಿಯಾ ಬೆಳೆಯದ ಒಂದು ಉಂಗುರ, ಮುಗೀತು ಅನ್ನೋ ಹಂಗೆ ಮಾಡಬೇಡಿ, ಅಂಥ ಪೇಪರ್‌ಗಳು ರಾಶಿ ಬಿದ್ದಿವೆ. ಉಂಗುರದ ಅಗಲ ಕಣ ಅಗಾರಲ್ಲಿ ಎಷ್ಟು ದೂರ ಹರಡ್ತು ಅನ್ನೋದನ್ನೂ ಅವಲಂಬಿಸಿರುತ್ತೆ, ಹಂಗಾಗಿ ದ್ರವದಲ್ಲಿ ಎಂಐಸಿ ಅಳೀರಿ, ಅಂದ್ರೆ ಬೆಳವಣಿಗೆ ನಿಲ್ಲಿಸೋಕೆ ಬೇಕಾದ ಅತಿ ಕಮ್ಮಿ ಪ್ರಮಾಣ. ಪಕ್ಕದಲ್ಲೇ ಅಷ್ಟೇ ಬೆಳ್ಳಿ ಇರೋ ಬರೀ ಸಿಲ್ವರ್ ನೈಟ್ರೇಟ್ ಇಟ್ಟು ಹೋಲಿಸಿ, ಕಣ ಅದಕ್ಕಿಂತ ಏನು ಹೆಚ್ಚು ಮಾಡ್ತು ಅಂತ ಗೊತ್ತಾಗ್ಲಿ. ಬರೀ ಎಲೆ ರಸದ್ದೂ ಒಂದು ಇಡಿ. ಬ್ಯಾಕ್ಟೀರಿಯಾ ಬೆಳೆಸೋ ಮಾಧ್ಯಮದಲ್ಲಿ ಕ್ಲೋರೈಡ್ ಇರುತ್ತೆ, ಅದು ಬೆಳ್ಳಿನ ಹಿಡಿದು ಕೆಳಗೆ ಕೂರಿಸುತ್ತೆ, ಲೆಕ್ಕ ತಪ್ಪೋದು ಅಲ್ಲೇ.

ಕೆಂಪು ರಕ್ತಕಣ ಒಡೆಯುತ್ತಾ ಅನ್ನೋ ಪರೀಕ್ಷೆ ಬಿಡಲೇಬೇಡಿ. ಎಂಐಸಿ ಎಷ್ಟು, ರಕ್ತಕಣ ಒಡೆಯೋ ಪ್ರಮಾಣ ಎಷ್ಟು, ಇವೆರಡರ ನಡುವಿನ ಅಂತರವೇ ನಿಮ್ಮ ಪ್ರಾಜೆಕ್ಟಿನ ನಿಜವಾದ ಫಲಿತಾಂಶ. ಅಂತರ ಇಲ್ಲ ಅಂತ ಬಂದ್ರೂ ಹಂಗೇ ಬರೀರಿ, ಅದೂ ಬೇಕಾದ ಮಾಹಿತಿನೇ. ಆಮೇಲೆ ಅದೇ ಬ್ಯಾಕ್ಟೀರಿಯಾನ ಕಮ್ಮಿ ಪ್ರಮಾಣದ ಬೆಳ್ಳೀಲಿ ಮತ್ತೆ ಮತ್ತೆ ಬೆಳೆಸಿ ಎಂಐಸಿ ಏರುತ್ತಾ ನೋಡಿ. 2018ರಲ್ಲಿ ಚೆಕ್ ದೇಶದವ್ರು ಹಿಂಗೇ ಮಾಡಿದಾಗ ಈ-ಕೋಲಿ ತನ್ನ ಬಾಲದ ಪ್ರೋಟೀನ್ ಫ್ಲಾಜೆಲಿನ್‌ನ ಹೊರಗೆ ಬಿಟ್ಟು ಬೆಳ್ಳಿ ಕಣಗಳೆಲ್ಲಾ ಒಂದಕ್ಕೊಂದು ಅಂಟ್ಕೊಂಡು ಉಂಡೆ ಕಟ್ಟೋ ಹಂಗೆ ಮಾಡ್ತು, ಅದಕ್ಕೆ ಜೀನು ಬದಲಾಗೋದೂ ಬೇಕಾಗಿರಲಿಲ್ಲ.

ಆಸ್ಪತ್ರೆಯಿಂದ ರೆಸಿಸ್ಟೆಂಟ್ ಸ್ಯಾಂಪಲ್ ತರೋ ಯೋಚನೆ ಬೇಡ, ಕಾಲೇಜು ಲ್ಯಾಬಲ್ಲಿ ಅದಕ್ಕೆ ಬೇಕಾದ ಸುರಕ್ಷತೆ ಇರಲ್ಲ. ಚಂಡೀಗಢದ ಎಂಟಿಸಿಸಿ ಅನ್ನೋ ಸೂಕ್ಷ್ಮಜೀವಿ ಸಂಗ್ರಹಾಲಯದಿಂದ ಪರೀಕ್ಷೆಗೆ ಅಂತಾನೇ ಇರೋ ತಳಿ ನಿಮ್ಮ ವಿಭಾಗದ ಹೆಸರಲ್ಲಿ ತರಿಸಿ, ಮೈಕ್ರೋಬಯಾಲಜಿಯವ್ರ ಜೊತೆ ಸೇರಿ ಮಾಡಿ. ಉಳಿದ ಬೆಳ್ಳಿ ದ್ರಾವಣನ ಸಿಂಕಿಗೆ ಸುರೀಬೇಡಿ, ಉಪ್ಪು ಹಾಕಿ ಬೆಳ್ಳಿ ಕ್ಲೋರೈಡ್ ಮಾಡಿ ಸೋಸಿ ತೆಗೆದಿಡಿ. ಪ್ಲಾನ್ ಬರ್ದಾದ್ಮೇಲೆ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.